ಹುಣಸೆಬೀಜದಷ್ಟು ಕಣ್ಣು, ಮೊಳದುದ್ದ ಕಾಲು

ಡಬ್ಬಿ ಬಿಚ್ಚಿದಾಗ ಮೊದಲು ಕೈಗೆ ಬಂದದ್ದು ಕ್ಯಾಮೆರಾ. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ನಡುವೆ ಹುಣಸೆಬೀಜದಷ್ಟು ಕಣ್ಣು, ಅದೂ ಹುಣಸೆಬೀಜದ ಹಾಗೇ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಇಷ್ಟೇ ತಾನೆ, ಕಾರಿನ ಕನ್ನಡಿಯ ಹಿಂದೆ ಎಲ್ಲಾದರೂ ಸಿಕ್ಕಿಸಿದರಾಯಿತು ಎಂದುಕೊಂಡೆ. ಆಮೇಲೆ ಡಬ್ಬಿಯ ತಳದಿಂದ ಅದರ ಕಾಲು ಬಂತು. ಬುಡದಲ್ಲಿ ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳದಷ್ಟು ಅಗಲದ ರಬ್ಬರು ಬಟ್ಟಲು, ಅದನ್ನು ಗಾಜಿಗೆ ಬಿಗಿಯಲೊಂದು ಹಿಡಿ, ಅಲ್ಲಿಂದ ಹೊರಟ ಒಂದು ತೋಳು, ತೋಳಿಗೊಂದು ಮೊಣಕೈ, ಮೊಣಕೈಗೊಂದು ತಿರುಪು, ತಿರುಪಿನಾಚೆ ಮತ್ತೊಂದು ಕೀಲು. ಗುಬ್ಬಿಗೆ ಕೊಕ್ಕರೆಯ ಕಾಲು ಜೋಡಿಸಿದ ಹಾಗೆ.

ಅಂತೂ ಮುಂದಿನ ಗಾಜಿಗೆ ಅಂಟಿಸಿ, ವೈರನ್ನು ಸಿಗರೇಟ್ ಲೈಟರಿನ ಸಾಕೆಟ್ಟಿನವರೆಗೆ ಇಳಿಬಿಟ್ಟು, ಮನೆಯವಳನ್ನು ಕರೆದು ತೋರಿಸಿದೆ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದಳು: "ಏನ್ರೀ, ಕಾರಿಗೆ ಹುಷಾರಿಲ್ವಾ? ಗ್ಲೂಕೋಸ್ ಹಾಕಿದ್ದೀರಾ?"

ಇಂಥದ್ದೊಂದು ಬೇಕು ಅನ್ನಿಸಿದ್ದಕ್ಕೆ ಕಾರಣ ಕಾರಿಟ್ಟುಕೊಂಡ ಎಲ್ಲರಿಗೂ ಇರುವಂಥದ್ದೇ. ನಮ್ಮ ರಸ್ತೆಗಳಲ್ಲಿ ಬರೆದಿಡದ ಒಂದು ಕಾನೂನಿದೆ: ದೊಡ್ಡ ಗಾಡಿಯವನದೇ ತಪ್ಪು. ಒನ್‌ವೇಯಲ್ಲಿ ಎದುರಿನಿಂದ ಬಂದ ಸ್ಕೂಟರೊಂದು ನಿಂತಿದ್ದ ನನ್ನ ಕಾರಿಗೆ ಬಂದು ಗುದ್ದಿತು. ಹತ್ತು ಜನ ಸೇರಿದರು. ಒಬ್ಬರೂ ನೋಡಿರಲಿಲ್ಲ, ಹತ್ತೂ ಜನ ಸಾಕ್ಷಿ ಹೇಳಿದರು. ದುಡ್ಡು ಕೊಟ್ಟು ಮನೆಗೆ ಬಂದವನೇ ಸುಳ್ಳು ಹೇಳಲು ಬಾರದ ಒಬ್ಬ ಸಾಕ್ಷಿಯನ್ನು ಆನ್‌ಲೈನಿನಲ್ಲಿ ತರಿಸಿದೆ.

ರಷ್ಯಾದವರು ಈ ಉಪಾಯವನ್ನು ನಮಗಿಂತ ಎಷ್ಟೋ ಮೊದಲೇ ಕಂಡುಕೊಂಡಿದ್ದರು. ಬೇಕೆಂದೇ ಗಾಡಿಗೆ ಅಡ್ಡ ಬಿದ್ದು ವಿಮೆಯ ದುಡ್ಡು ಕೇಳುವವರ ಕಾಟಕ್ಕೆ ಅಲ್ಲಿ ಕ್ಯಾಮೆರಾ ಹಾಕಿಸಿಕೊಂಡು ಓಡಾಡುವ ರೂಢಿ ಬೆಳೆದಿತ್ತು. 2013ರ ಫೆಬ್ರುವರಿ 15ರ ಬೆಳಿಗ್ಗೆ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಉಲ್ಕೆಯೊಂದು ಸಿಡಿದಾಗ ಅದನ್ನು ಲೋಕಕ್ಕೆ ತೋರಿಸಿದ್ದು ದೊಡ್ಡ ದೊಡ್ಡ ದೂರದರ್ಶಕಗಳಲ್ಲ, ಕೆಲಸಕ್ಕೆ ಹೊರಟವರ ಡ್ಯಾಶ್‌ಕ್ಯಾಮ್‌ಗಳು. ವಿಜ್ಞಾನಿಗಳು ಆ ವಿಡಿಯೊಗಳನ್ನೇ ಮುಂದಿಟ್ಟುಕೊಂಡು ಉಲ್ಕೆ ಬಂದ ದಾರಿಯ ಲೆಕ್ಕ ಹಾಕಿದರು. ನನ್ನ ಕಾರಿನಲ್ಲಿ ಇದುವರೆಗೆ ಮೇಲಿನಿಂದ ಬಿದ್ದದ್ದು ಆ ಕ್ಯಾಮೆರಾ ಒಂದೇ.

ಅದು ಬೀಳಬಾರದಿತ್ತು. ನಾವು ಹೊತ್ತುಕೊಂಡು ತಿರುಗುವ ಗಾಳಿಯ ಭಾರ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೊ. ಐದು ಸೆಂಟಿಮೀಟರ್ ಅಗಲದ ಬಟ್ಟಲನ್ನು ಒಳಗೆ ಒಂದಿಷ್ಟೂ ಗಾಳಿಯಿಲ್ಲದಂತೆ ಗಾಜಿಗೆ ಒತ್ತಿದರೆ ಅದನ್ನು ಹೊರಗಿನಿಂದ ಇಪ್ಪತ್ತು ಕಿಲೊ ಭಾರ ಅದುಮಿ ಹಿಡಿದಿರುತ್ತದೆ. ಅಂದರೆ ಒಂದು ಸಣ್ಣ ಅಕ್ಕಿಮೂಟೆ. 17ನೆಯ ಶತಮಾನದಲ್ಲಿ ಜರ್ಮನಿಯ ಮಾಗ್ಡೆಬುರ್ಗಿನ ಒಟ್ಟೊ ಫಾನ್ ಗೇರಿಕೆ ಎರಡು ಅರ್ಧಗೋಳಗಳನ್ನು ಬಾಯಿಗೆ ಬಾಯಿ ಕೂಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ. ಕುದುರೆಗಳು ಏದುಸಿರು ಬಿಟ್ಟವೇ ಹೊರತು ಗೋಳ ಬಿಡಲಿಲ್ಲ. ಅದೆಲ್ಲ ಸರಿ. ಆದರೆ ಗೇರಿಕೆ ಮಹಾಶಯ ತನ್ನ ಗೋಳವನ್ನು ಏಪ್ರಿಲ್ ತಿಂಗಳ ನಡುಹಗಲು ಕೆಂಗೇರಿಯಲ್ಲಿ ಗಾಜಿನ ಹಿಂದೆ ಬೇಯಲು ಬಿಟ್ಟಿರಲಿಲ್ಲ. ಬಿಸಿಲಿಗೆ ಬಟ್ಟಲು ಮೆತ್ತಗಾಗುತ್ತದೆ, ಒಳಗೆ ಉಳಿದ ಚೂರು ಗಾಳಿ ಹಿಗ್ಗುತ್ತದೆ, ಅಂಚು ಒಂದು ಕಡೆ ಕೂದಲೆಳೆಯಷ್ಟು ಏಳುತ್ತದೆ. ಅಷ್ಟು ಸಾಕು. ಅದರ ಮೇಲೆ ಆ ಮೊಳದುದ್ದದ ತೋಳಿನ ಕೊನೆಯಲ್ಲಿ ಕ್ಯಾಮೆರಾ ಕೂತು ಹಂಪಿಗೊಂದು ಸಲ ತೂಗಾಡುತ್ತಿರುತ್ತದೆ. ಏತದ ಮರದ ತುದಿಗೆ ಮಕ್ಕಳು ಜೋತು ಬಿದ್ದ ಹಾಗೆ.

ಕೆಂಗೇರಿ ದಾಟಿದ ಮೇಲೆ ಬಿತ್ತು. ಥಪ್ ಎಂದು ನೇರ ತೊಡೆಯ ಮೇಲೆ. ಆ ವಿಡಿಯೊ ಈಗಲೂ ನಮ್ಮ ಕುಟುಂಬದ ಗ್ರೂಪಿನಲ್ಲಿದೆ: ಮೊದಲು ಮೈಸೂರು ರಸ್ತೆ, ಆಮೇಲೆ ಕ್ಷಣಕಾಲ ಆಕಾಶ, ಆಮೇಲೆ ಡ್ಯಾಶ್‌ಬೋರ್ಡಿನ ಗಣಪ, ಅಲ್ಲಿಂದ ಮುಂದಿನ ಪೆಟ್ರೋಲ್ ಬಂಕಿನವರೆಗೆ ನನ್ನ ಹೊಟ್ಟೆ. ಗಣಪನಿಂದ ಹೊಟ್ಟೆಗೆ ದೃಶ್ಯ ಬದಲಾದದ್ದು ಹಲವರಿಗೆ ಗೊತ್ತೇ ಆಗಲಿಲ್ಲವಂತೆ.

ಬೀಳುವುದಾದರೂ ಸಹಿಸಬಹುದಿತ್ತು. ಕಾಣುವುದು ಅದಕ್ಕಿಂತ ಕಷ್ಟ. ಸಿಗ್ನಲಿನಲ್ಲಿ ನಿಂತರೆ ಪಕ್ಕದ ಆಟೋದವರು ಬಗ್ಗಿ ನೋಡಿ "ಎಷ್ಟಾಯ್ತು ಸಾರ್?" ಅನ್ನುತ್ತಾರೆ. ರಾತ್ರಿ ರಸ್ತೆ ಬದಿ ನಿಲ್ಲಿಸಿದರೆ, ಬಿಚ್ಚಿಕೊಂಡು ಹೋಗಿ ಎಂದು ಕಳ್ಳರನ್ನು ಕೈಬೀಸಿ ಕರೆದ ಹಾಗೆ. ಇದಕ್ಕೆಲ್ಲ ಮೇಲಾದ ಪೆಟ್ಟು ಬಿದ್ದದ್ದು ಕಾರಿನೊಳಗಿನ ಮಾತಿಗೆ. ನಮ್ಮ ಅತ್ತೆಯವರು ಕಾರು ಹತ್ತಿದರೆ ಸೀಟ್ ಬೆಲ್ಟ್ ಹಾಕುವಷ್ಟರಲ್ಲಿ ಎರಡು ಮದುವೆ, ಒಂದು ಆಸ್ತಿ ಜಗಳ ಮುಗಿದಿರುತ್ತಿತ್ತು. ಅವತ್ತು ಹತ್ತಿದವರೇ ಗಾಜಿನ ಮೇಲಿದ್ದ ಸರಂಜಾಮು ನೋಡಿ, ಸೆರಗು ಸರಿ ಮಾಡಿಕೊಂಡು, ಟೀವಿಯವರ ಮುಂದೆ ಕೂತಂತೆ ಕೂತರು. ಮಲ್ಲೇಶ್ವರದವರೆಗೂ ತುಟಿ ಪಿಟಕ್ಕೆನ್ನಲಿಲ್ಲ.

"ಅತ್ತೆ, ಅದು ಹೊರಗಡೆ ನೋಡುತ್ತೆ" ಅಂದೆ.

"ಕಣ್ಣು ಹೊರಗಡೆ ನೋಡುತ್ತೆ. ಕಿವಿ ಯಾವ ಕಡೆ ನೋಡುತ್ತಪ್ಪಾ?"

ಕಿವಿಯನ್ನು ಮೆನುವಿನಲ್ಲಿ ಆಫ್ ಮಾಡಬಹುದು. ಮಾಡಿ ತೋರಿಸಿದೆ. ನಂಬಲಿಲ್ಲ. ಮನುಷ್ಯರ ಬುದ್ಧಿ ಹಾಗೆ, ಕಣ್ಣಿಗೆ ಬಿದ್ದದ್ದನ್ನೇ ಅನುಮಾನಿಸುವುದು. ಅದನ್ನು ಕಣ್ಣಿಗೆ ಬೀಳದಂತೆ ಮಾಡಬೇಕು ಎಂದು ನಿಶ್ಚಯಿಸಿದ್ದು ಅವತ್ತೇ.

ಹೊರದೇಶಗಳಲ್ಲಿ ಗಾಜಿಗೆ ಅಡ್ಡ ಏನಾದರೂ ಇಟ್ಟರೆ ಅದು ಮನೆಮಂದಿಯ ಮುನಿಸಿಗೆ ಮುಗಿಯುವುದಿಲ್ಲ, ಪೊಲೀಸರವರೆಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಚಾಲಕನ ಮುಂದಿರುವ ಗಾಜಿನ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ, ವೈಪರ್ ಒರೆಸುವ ಉಳಿದ ಜಾಗದಲ್ಲಿ 40 ಮಿಲಿಮೀಟರಿಗಿಂತ ಹೆಚ್ಚು ಅಡ್ಡವಿರಬಾರದು. ಕ್ಯಾಲಿಫೋರ್ನಿಯಾದಲ್ಲಿ ಗಾಜಿನ ನೆತ್ತಿಯ ನಡುವೆ ಐದಿಂಚು ಚೌಕ, ಚಾಲಕನ ಕಡೆಯ ಕೆಳಮೂಲೆಯಲ್ಲಿ ಐದಿಂಚು, ಆಚೆಯ ಕೆಳಮೂಲೆಯಲ್ಲಿ ಏಳಿಂಚು ಎಂದು ಸೈಟು ಅಳೆದುಕೊಟ್ಟಿದ್ದಾರೆ. ನಮ್ಮಲ್ಲಿ ಕನ್ನಡಿಗೆ ನಿಂಬೆಹಣ್ಣು ಮೆಣಸಿನಕಾಯಿ, ಅದರ ಹಿಂದೆ ಜಪಮಣಿ, ಅದರ ಹಿಂದೆ ಮಗುವಿನ ಒಂದು ಬೂಟು ನೇತಾಡುವ ಟ್ಯಾಕ್ಸಿಗಳಿವೆ. ಅವರಿಗೆ ರಸ್ತೆ ಕಾಣುವುದು ದೈವಕೃಪೆಯಿಂದ.

ಬೆಂಗಳೂರಿನಲ್ಲಿ ಕಾರಿಗೆ ಏನು ಬೇಕಿದ್ದರೂ ಜೆ.ಸಿ. ರಸ್ತೆ. ರವೀಂದ್ರ ಕಲಾಕ್ಷೇತ್ರ ಇರುವುದೂ ಅಲ್ಲೇ, ಆದರೆ ಟಿಕೆಟ್ಟಿಲ್ಲದ ನಾಟಕ ನಡೆಯುವುದು ಅಂಗಡಿಗಳ ಮುಂದೆ. ಕಾರು ಸ್ವಲ್ಪ ನಿಧಾನ ಮಾಡಿದರೆ ಸಾಕು, ಹುಡುಗರು ಪಕ್ಕದಲ್ಲಿ ಓಡುತ್ತ ಬರುತ್ತಾರೆ: "ಸೀಟ್ ಕವರ್ ಸಾರ್? ಮ್ಯಾಟ್ ಸಾರ್? ಹಾರ್ನ್ ಸಾರ್?" ಒಂದು ಅಂಗಡಿಯೊಳಗೆ ನುಗ್ಗಿ ನನ್ನ ಬೇಡಿಕೆ ಇಟ್ಟೆ: ಡ್ಯಾಶ್‌ಕ್ಯಾಮಿಗೆ ಸ್ಟ್ಯಾಂಡು, ಸಣ್ಣದಿರಬೇಕು, ಕಾಣಬಾರದು.

"ಕಾಣ್ಲೇಬಾರ್ದು ಅಂದ್ರೆ ದುಡ್ಡು ಯಾಕ್ ಸಾರ್ ಕೊಡ್ತೀರಾ?" ಅಂದ ಅಂಗಡಿಯವನು. ಜಾಣ. ಅದ್ವೈತ ಅಂಗಡಿಯಲ್ಲೂ ಸಿಗುತ್ತದೆ.

ಆಮೇಲೆ ಒಂದೊಂದಾಗಿ ತೆಗೆದು ಕೌಂಟರಿನ ಮೇಲೆ ಸುರಿದ. ಹಾವಿನಂತೆ ಬಳುಕುವ ಕತ್ತಿನದು. ಎಸಿ ಗಾಳಿ ಬರುವ ಕಿಂಡಿಗೆ ಕಚ್ಚುವಂಥದ್ದು. ಕನ್ನಡಿಯ ಕಾಂಡಕ್ಕೆ ಅಪ್ಪಿಕೊಳ್ಳುವಂಥದ್ದು. 17 ಮಿಲಿಮೀಟರಿನ ಗುಂಡು ಇರುವಂಥದ್ದು, ಮೂರು ಬೆರಳು ಎರಡು ಬೆರಳಿಗೆ ಹೆಣೆದುಕೊಳ್ಳುವ ಗೋಪ್ರೊ ಮಾದರಿಯದು. ಒಂದೂ ನನ್ನ ಕ್ಯಾಮೆರಾಕ್ಕೆ ಕೂರಲಿಲ್ಲ. ಈ ಲೋಕದಲ್ಲಿ ಪ್ರತಿ ಕಂಪನಿಗೂ ಅದರದ್ದೇ ಗೋತ್ರ, ಅದರದ್ದೇ ಕೊಂಡಿ, ಅದರದ್ದೇ ಕಚ್ಚು. ಎಲ್ಲರ ಮನೆಗೂ ಹೋಗಿ ಬರುವುದು ಒಂದೇ ಒಂದು, ಟ್ರೈಪಾಡಿನ ತಿರುಪು: ಕಾಲಿಂಚು ದಪ್ಪ, ಇಂಚಿಗೆ 20 ಸುತ್ತು, ಯಾವ ದೇಶದ ಸ್ಟಿಲ್ ಕ್ಯಾಮೆರಾದ ಬುಡ ನೋಡಿದರೂ ಅದೇ ತೂತು. ನನ್ನದರ ಬುಡದಲ್ಲಿ ಆ ತೂತೇ ಇರಲಿಲ್ಲ. ಕಾಲಿಂಚಿನ ತಿರುಪಿಲ್ಲದ್ದಕ್ಕೆ ಮೊಳದುದ್ದ ಕಾಲು.

"ಬಿಡಿ ಸಾರ್, ಸೂಪರ್ ಗ್ಲೂ ಹಾಕ್ಬಿಡೋಣ. ಕಾರು ಹೋದ್ರೂ ಕ್ಯಾಮೆರಾ ಹೋಗಲ್ಲ."

ಅಂಗಡಿಯಲ್ಲಿ ಬೇಡವೆಂದೆ. ಮನೆಗೆ ಬಂದು ನಾನೇ ಹಾಕಿದೆ. ಆ ಅಂಟಿನ ಹುಟ್ಟೂ ತಮಾಷೆಯದೇ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಮುಟ್ಟಿದ್ದಕ್ಕೆಲ್ಲ ಕಚ್ಚಿಕೊಳ್ಳುವ ಈ ಪದಾರ್ಥ ಎದುರಾಯಿತು. ಇದೇನು ಪೀಡೆ ಎಂದು ಬದಿಗಿಟ್ಟರಂತೆ. ಪಾರದರ್ಶಕವಾಗಿರಲಿ ಎಂದು ಹೊರಟದ್ದು ನನ್ನ ಗಾಜಿನ ಮೇಲೆ ಮಾಡಿದ್ದೇನು ಗೊತ್ತೇ? ಅದರ ಆವಿ ಸುತ್ತಲೂ ಕೂತು ಅಂಗೈಯಗಲ ಬಿಳಿಯ ಮಂಜು ಹಿಡಿಯಿತು, ಮಡಿಕೇರಿಯಲ್ಲಿ ಕಾರು ನಿಲ್ಲಿಸಿದ ಹಾಗೆ. ಮೂರನೇ ದಿನ ಕ್ಯಾಮೆರಾ ಬಿತ್ತು, ಮಂಜು ಮಾತ್ರ ಉಳಿಯಿತು. ಆ ಅಂಟು ಗಡಸು. ಗಾಜಿನ ಮೇಲೆ ಬಿಸಿಲು, ನಡುಕ ಎರಡೂ ಸೇರಿದರೆ ಗಾಜಿನ ಬಳೆಯಂತೆ ಚಟ್ ಎನ್ನುತ್ತದೆ.

ಇಷ್ಟಾಗುವಾಗ ರಂಗಕ್ಕೆ ಬಂದವನು ಭಾವಮೈದುನ. ಮೂರು ವರ್ಷದ ಹಿಂದೆ ಅವನು ಒಂದು ತ್ರೀ ಡಿ ಪ್ರಿಂಟರ್ ತಂದಿಟ್ಟಿದ್ದ. ಇದುವರೆಗೆ ಅದರಲ್ಲಿ ಅಚ್ಚಾದದ್ದು ನಾಲ್ಕು ಗಣಪ, ಹನ್ನೊಂದು ಮೊಬೈಲ್ ಸ್ಟ್ಯಾಂಡು. ನನ್ನ ಕಷ್ಟ ಕೇಳಿದವನ ಮುಖ ಅರಳಿತು. "ಭಾವ, ನಿಮಗೆ ಕಾಲು ಬೇಡ. ಬೆಣೆ ಬೇಕು."

ಹೇಳಿದ್ದು ನೂರಕ್ಕೆ ನೂರು ಸರಿ. ಬಾಗಿಲು ಬಡಿದುಕೊಳ್ಳದಂತೆ ಕೆಳಗೆ ತುರುಕುತ್ತೇವಲ್ಲ, ಅಂಥ ಬೆಣೆ. ಒಂದು ಮೈ ಗಾಜಿನ ಇಳಿಜಾರಿಗೆ ಸರಿಯಾಗಿ ಒರಗಬೇಕು, ಇನ್ನೊಂದು ಮೈಯಲ್ಲಿ ಕ್ಯಾಮೆರಾದ ಕಚ್ಚು ಕೂರಬೇಕು, ಕಣ್ಣು ನೇರ ರಸ್ತೆಗೆ ನೋಡಬೇಕು. ತೋಳಿಲ್ಲ, ಮೊಣಕೈಯಿಲ್ಲ, ಕೀಲಿಲ್ಲ. ಕೀಲಿಲ್ಲದ ಮೇಲೆ ನಡುಕವೂ ಇಲ್ಲ: ಗಾಜು ಎಷ್ಟು ಅಲುಗುತ್ತದೋ ಅಷ್ಟೇ. ವರ್ನಿಯರ್ ಹಿಡಿದು ಕಚ್ಚು ಅಳೆದ. ಮೊಬೈಲನ್ನು ಗಾಜಿಗೆ ಆನಿಸಿ ಕೋನ ನೋಡಿದ. ರಾತ್ರಿಯೆಲ್ಲ ಆ ಯಂತ್ರ ಜೇಡನ ಹಾಗೆ ಎಳೆ ಬಿಡುತ್ತ ಕೂತಿತು. ಬೆಳಿಗ್ಗೆ ಅಂಗೈಯಲ್ಲಿ ಹೆಬ್ಬೆರಳುದ್ದದ ಕರಿ ಬೆಣೆ. ಕೂರಿಸಿದರೆ ಕನ್ನಡಿಯ ಹಿಂದೆ ಮಾಯ. ಡ್ರೈವರ್ ಸೀಟಿನಿಂದ ನನಗೇ ಕಾಣಲಿಲ್ಲ. ಇಬ್ಬರೂ ಒಂದೊಂದು ಲೋಟ ಹೆಚ್ಚು ಕಾಫಿ ಕುಡಿದೆವು.

ಭಾನುವಾರ ಮದುವೆ. ಕಲ್ಯಾಣ ಮಂಟಪದ ಎದುರು ನೆರಳಿಲ್ಲದ ಬಯಲಿನಲ್ಲಿ ಕಾರು ನಿಲ್ಲಿಸಿ, ಉಂಡು, ತಾಂಬೂಲದ ಚೀಲ ಹಿಡಿದು ಎರಡೂವರೆಗೆ ಬಂದು ನೋಡಿದರೆ ಕ್ಯಾಮೆರಾ ಹಸೆಮಣೆಯ ಮೇಲಿನ ಹುಡುಗಿಯಂತೆ ತಲೆ ತಗ್ಗಿಸಿ ಕೂತಿದೆ. ಬೆಣೆ ಬಿದ್ದಿರಲಿಲ್ಲ, ಬಾಡಿತ್ತು. ಬೇಯಿಸಿದ ನುಗ್ಗೆಕಾಯಿಯಂತೆ ಸೊಟ್ಟಗೆ ಬಾಗಿತ್ತು. ಭಾವಮೈದುನ ತಲೆ ಕೆರೆದುಕೊಂಡ. ಅವನು ಬಳಸಿದ್ದು ಪಿಎಲ್‌ಎ ಎಂಬ ಪ್ಲಾಸ್ಟಿಕ್, ಮನೆಯ ಪ್ರಿಂಟರುಗಳಿಗೆಲ್ಲ ಸಲೀಸಾದದ್ದು. 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರಿನ ಗಾಜಿನ ಒಳಬದಿಗೆ ಅದೇನೂ ದೊಡ್ಡ ತಾಪವಲ್ಲ. "ಅದು ಮುಸುಕಿನ ಜೋಳದ ಪಿಷ್ಟದಿಂದ ಮಾಡೋ ಪ್ಲಾಸ್ಟಿಕ್ಕು ಅಕ್ಕಾ, ಪರಿಸರಕ್ಕೆ ಒಳ್ಳೇದು" ಅಂದ. ಅವನಕ್ಕ ಬಿಡುತ್ತಾಳೆಯೇ? "ಜೋಳದ ಹಿಟ್ಟಲ್ಲಿ ಸ್ಟ್ಯಾಂಡ್ ಮಾಡಿ ಒಲೆ ಮೇಲಿಟ್ರೆ ರೊಟ್ಟಿ ಆಗದೆ ಇನ್ನೇನಾಗುತ್ತೋ?"

ಎರಡನೇ ಬೆಣೆಯನ್ನು ಎಎಸ್‌ಎ ಎಂಬುದರಲ್ಲಿ ಅಚ್ಚು ಹಾಕಿದ. ಅದು ನೂರು ಡಿಗ್ರಿಯ ಆಸುಪಾಸಿನವರೆಗೂ ಜಗ್ಗುವುದಿಲ್ಲ, ಬಿಸಿಲಿಗೂ ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಅಚ್ಚು ಹಾಕುವಾಗ ಮನೆಯೆಲ್ಲ ನಾರಿತೆಂದು ಅವನ ಹೆಂಡತಿಯಿಂದ ಬೈಸಿಕೊಂಡ. ನನ್ನ ಲೆಕ್ಕದಲ್ಲಿ ಅದೂ ಸಾಧನೆಯ ಖರ್ಚಿಗೆ ಸೇರಿತು.

ಇನ್ನು ಉಳಿದದ್ದು ಅಂಟು. ಇಲ್ಲಿ ನಾನು ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಈ ಭಾಗ ಪೂರ್ತಿ ನನ್ನದು. ತ್ರೀಎಂ ಕಂಪನಿಯ ವಿಎಚ್‌ಬಿ ಎಂಬ ಬೂದುಬಣ್ಣದ ಎರಡು ಮುಖದ ಟೇಪು. ನಡುವೆ ಅಕ್ರಿಲಿಕ್ ಫೋಮ್ ಇರುವುದರಿಂದ ಗಾಜೂ ಬೆಣೆಯೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗಿದರೂ ಅದು ತಾನೇ ಹೊಂದಿಕೊಳ್ಳುತ್ತದೆ, ಅತ್ತೆ ಸೊಸೆಯರ ನಡುವೆ ಸಿಕ್ಕ ಗಂಡಸಿನ ಹಾಗೆ. ಗಾಜಿನ ನೆತ್ತಿಯಲ್ಲಿ ಕಪ್ಪು ಚುಕ್ಕಿಗಳ ಅಂಚಿರುತ್ತದಲ್ಲ, ಅಲ್ಲಿ ಅಂಟಿಸಿದರೆ ಕಾಣುವುದೇ ಇಲ್ಲವೆಂದು ಮೊದಲು ಆಸೆಯಾಗುತ್ತದೆ. ಆದರೆ ಆ ಚುಕ್ಕಿಗಳು ಗಾಜಿಗೆ ಸುಟ್ಟು ಕೂರಿಸಿದ ಸೆರಾಮಿಕ್ ಬಣ್ಣ. ಚೌಕಟ್ಟಿನ ಅಂಟು ಬಿಸಿಲಿಗೆ ಕೆಡದಿರಲಿ ಎಂದು ಇರುವಂಥದ್ದು. ಮೈ ಉಬ್ಬುತಗ್ಗು, ಟೇಪು ಚುಕ್ಕಿಗಳ ನೆತ್ತಿ ಮಾತ್ರ ಹಿಡಿಯುತ್ತದೆ. ಹಾಗಾಗಿ ಚುಕ್ಕಿ ಮುಗಿದ ಕೂಡಲೆ ಬರುವ ಬರಿ ಗಾಜು, ಕನ್ನಡಿಯ ಎಡಕ್ಕೆ, ವೈಪರ್ ಒರೆಸುವ ಕಮಾನಿನ ಒಳಗೆ. ಈ ಕೊನೆಯದನ್ನು ಮರೆತರೆ ಮಳೆಗಾಲದಲ್ಲಿ ಸಾಕ್ಷಿಗೆ ಪೊರೆ ಬಂದ ಹಾಗೆ.

ಸ್ಪಿರಿಟ್ಟಿನಲ್ಲಿ ಗಾಜು ಒರೆಸಿ, ಒಣಗಿಸಿ, ಟೇಪು ಹಚ್ಚಿದ ಬೆಣೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಕೂತೆ. ಕಿಟಕಿ ಏರಿಸಿದ್ದ ಕಾರಿನಲ್ಲಿ ಗಾಜಿಗೆ ಬೆರಳು ಕೊಟ್ಟು ಮಿಸುಕಾಡದೆ ಕೂತ ನನ್ನನ್ನು ನೋಡಿ ಪಕ್ಕದ ಮನೆಯ ರಾಯರು ಗೇಟು ದಾಟಿ ಬಂದರು. "ಏನ್ರೀ, ಗ್ಲಾಸ್ ಬಿದ್ದೋಗ್ತಾ ಇದ್ಯಾ? ನಾನೂ ಒಂದ್ ಕಡೆ ಹಿಡ್ಕೊಳ್ಳಾ?"

ಆ ಟೇಪು ಇಪ್ಪತ್ತು ನಿಮಿಷಕ್ಕೆ ಅರ್ಧ ಬಲ ಹಿಡಿಯುತ್ತದೆ, ಒಂದು ದಿನಕ್ಕೆ ಹೆಚ್ಚುಕಡಿಮೆ ತೊಂಬತ್ತು ಭಾಗ, ಪೂರ್ತಿಗೆ 72 ಗಂಟೆ. ಅಲ್ಲಿಯವರೆಗೆ ಕ್ಯಾಮೆರಾದ ಭಾರ ಹೇರಬಾರದು ಎಂದು ಬೆಣೆಗೆ ಬಾಣಂತನ ಮಾಡಿದೆ. ಆ ಮೂರು ದಿನ ತರಕಾರಿಗೂ ನಡೆದುಕೊಂಡೇ ಹೋದದ್ದರ ಬಗ್ಗೆ ಮನೆಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ವೈರಿನದು ಒಂದು ಮಧ್ಯಾಹ್ನದ ಕೆಲಸ. ಗ್ಲೂಕೋಸ್ ಎಂಬ ಮಾತು ಎದೆಯಲ್ಲಿ ಮುಳ್ಳಿನಂತೆ ಇತ್ತಲ್ಲ. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಚಾವಣಿಯ ಬಟ್ಟೆಯೊಳಕ್ಕೆ ವೈರು ತೂರಿಸುತ್ತ, ಬಾಗಿಲ ರಬ್ಬರಿನ ಸಂದಿಯಲ್ಲಿ ಇಳಿಸಿ, ಮ್ಯಾಟಿನಡಿ ಸಾಕೆಟ್ಟಿಗೆ ಮುಟ್ಟಿಸಿದೆ. ಇಲ್ಲೊಂದು ಎಚ್ಚರ ಬೇಕು: ಕಿಟಕಿಯ ಕಡೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಮುಂದಿನ ಕಂಬದ ಒಳಗಿಂದಲೇ ಸಿಡಿದು ಬರಬಹುದು, ವೈರು ಅದರ ಮುಂದೆ ಹಾಯ್ದಿರಬಾರದು. ಸಾಕ್ಷಿ ಉಳಿದು ಫಿರ್ಯಾದಿ ಹೋದರೆ ಯಾರಿಗೆ ಲಾಭ?

ಮೊದಲ ವಿಡಿಯೊ ಹಾಕಿ ನೋಡಿದರೆ ಆಟೋಗಳು ಆಕಾಶದಲ್ಲಿ ಓಡುತ್ತಿದ್ದವು. ಬೆಣೆಯಿಂದ ಕ್ಯಾಮೆರಾ ಬಾವಲಿಯಂತೆ ತಲೆಕೆಳಗಾಗಿ ತೂಗುತ್ತಿತ್ತು. ಮೆನುವಿನಲ್ಲಿ ತಿರುಗಿಸಿದೆ. ಎರಡನೆಯದರಲ್ಲಿ ಹೆಬ್ಬಾಳ ಫ್ಲೈಓವರಿನ ಮೇಲೆ, ಬಸ್ಸುಗಳ ನೆತ್ತಿಗೆ ಸರಿಯಾಗಿ, ಒಬ್ಬ ಗಣಪ ತೇಲುತ್ತಿದ್ದ. ಡ್ಯಾಶ್‌ಬೋರ್ಡಿನ ಮೇಲಿನವನ ಬಿಂಬ ಗಾಜಿನಲ್ಲಿ ಮೂಡಿ ಹಾಗಾದದ್ದು. ಡ್ಯಾಶ್‌ಬೋರ್ಡ್ ಎಂದರೆ ಮೂಲದಲ್ಲಿ ಕುದುರೆಯ ಗೊರಸಿನ ಕೆಸರು ಸಾರೋಟಿನವರ ಮೇಲೆ ಸಿಡಿಯದಂತೆ ಅಡ್ಡ ಹಾಕಿದ ಹಲಗೆ. ನಮ್ಮವರು ಅದನ್ನು ದೇವರಗೂಡು ಮಾಡಿಕೊಂಡಿದ್ದೇವೆ. ಗಣಪನನ್ನು ಸ್ವಲ್ಪ ಸರಿಸುತ್ತೇನೆ ಎಂದದ್ದಕ್ಕೆ ಅಮ್ಮ, "ಅವನು ನೋಡ್ಕೋತಾನೆ ಅಂತ ತಾನೆ ಕೂರಿಸಿದ್ದು? ನಿನ್ನ ಕ್ಯಾಮೆರಾ ಸರ್ಸ್ಕೋ" ಅಂದಳು. ಕ್ಯಾಮೆರಾದ ಕಣ್ಣಿಗೆ ಹಾಕುವ ಪೋಲರೈಸರ್ ಗಾಜು ಸಿಗುತ್ತದೆ, ತಿರುಗಿಸಿ ಹೊಂದಿಸಿದರೆ ಬಿಂಬ ಬಹುಪಾಲು ಅಳಿಯುತ್ತದೆ. ಅದನ್ನು ಹಾಕಿದೆ. ಆದರೂ ಸಂಜೆ ಬಿಸಿಲಿನಲ್ಲಿ ಸೊಂಡಿಲಿನ ತುದಿ ಮಾತ್ರ ಬಂದು ಹೋಗುತ್ತದೆ. ಇರಲಿ ಬಿಡಿ.

ಜರ್ಕ್ ಆದರೆ ಅಪಘಾತವೆಂದು ತಿಳಿದು ಆ ತುಣುಕನ್ನು ಅಳಿಸದೆ ಬೀಗ ಹಾಕಿಡುವ ಗುಣವೂ ಇದಕ್ಕಿದೆ. ನಮ್ಮ ಬಡಾವಣೆಯಲ್ಲಿ ಮನೆಯಿಂದ ಮುಖ್ಯರಸ್ತೆಗೆ ಏಳು ಹಂಪು. ದಿನಕ್ಕೆ ಎರಡು ಸಲ ಹೋಗಿ ಬಂದರೆ ಕ್ಯಾಮೆರಾದ ಲೆಕ್ಕದಲ್ಲಿ ಇಪ್ಪತ್ತೆಂಟು ಅಪಘಾತ.

ನಿಜವಾದದ್ದು ಆದದ್ದು ಕಳೆದ ತಿಂಗಳು, ಏರು ರಸ್ತೆಯೊಂದರ ಸಿಗ್ನಲಿನಲ್ಲಿ. ಮುಂದಿನ ಕಾರು ಹಿಂದಕ್ಕೆ ಜಾರಿ ಬಂದು ನನ್ನ ಬಂಪರಿಗೆ ಮುತ್ತಿಟ್ಟಿತು. ಅದರ ಯಜಮಾನರು ಇಳಿದು ಬಂದವರೇ ನಾನು ಹಿಂದಿನಿಂದ ಗುದ್ದಿದೆ ಎಂದು ಶುರು ಮಾಡಿದರು. ಮಾಮೂಲಿನ ಹತ್ತು ಜನ ಸೇರಿದರು. ಇಷ್ಟು ತಿಂಗಳ ತಪಸ್ಸಿನ ಫಲ ಕೈಗೆ ಬಂತೆಂದು ನಾನು ತಣ್ಣಗೆ, "ಸಾರ್, ಕ್ಯಾಮೆರಾ ಇದೆ" ಅಂದೆ.

"ಎಲ್ಲಿದೆ? ತೋರಿಸ್ರೀ!"

ಅವರು ಗಾಜಿಗೆ ಎರಡೂ ಕೈ ಒತ್ತಿ ಇಣುಕಿದರು. ಹತ್ತು ಜನರೂ ಇಣುಕಿದರು. ಯಾರಿಗೂ ಕಾಣಲಿಲ್ಲ. "ಸುಮ್ನೆ ಬಿಡ್ತಾವ್ನೆ" ಎಂದು ಹಿಂದಿನಿಂದ ಯಾರೋ ತೀರ್ಪು ಕೊಟ್ಟರು. ಕೊನೆಗೆ ನಾನೇ ಬಾಗಿಲು ತೆಗೆದು, ಕನ್ನಡಿ ಪಕ್ಕಕ್ಕೆ ತಿರುಗಿಸಿ, ಬೆರಳಿಟ್ಟು ತೋರಿಸಬೇಕಾಯಿತು. ಮೊಬೈಲಿನಲ್ಲಿ ವಿಡಿಯೊ ಹಾಕಿದೆ. ಯಜಮಾನರು ಅದನ್ನು ಎರಡು ಸಲ ನೋಡಿ, ದನಿ ಇಳಿಸಿ ಹೇಳಿದರು: "ಕಾಣೋ ಹಾಗೆ ಇಟ್ಕೊಬಾರ್ದಾ ಸಾರ್? ಮೊದ್ಲೇ ಗೊತ್ತಿದ್ದಿದ್ರೆ ನಾನು ಯಾಕ್ ಕೂಗಾಡ್ತಿದ್ದೆ?"

ಮನೆಯಲ್ಲಿ ಈ ಕತೆ ಹೇಳಿದ್ದು ನನ್ನ ತಪ್ಪು. ಕಟ್ಟುವ ಮನೆಗೆ ಬೆದರುಬೊಂಬೆ ಕಟ್ಟುವುದಿಲ್ಲವೇ ಎಂದು ಮನೆಯವಳು ಅಟ್ಟದ ಮೇಲಿಂದ ಆ ಹಳೆಯ ಕೊಕ್ಕರೆ ಕಾಲನ್ನು ತೆಗೆಸಿ, ತುದಿಗೆ ಮಗನ ಮುರಿದ ಆಟಿಕೆ ಕ್ಯಾಮೆರಾ ಸಿಕ್ಕಿಸಿ, ಗಾಜಿನ ಎಡಮೂಲೆಗೆ ತಾನೇ ಒತ್ತಿ ಕೂರಿಸಿದಳು. ನಿನ್ನೆ ಅತ್ತೆಯವರನ್ನು ಕರೆದುಕೊಂಡು ಹೋಗುವಾಗ ಯಶವಂತಪುರದ ಹತ್ತಿರ ಅದು ಥಪ್ ಎಂದು ಅವರ ತೊಡೆಯ ಮೇಲೆ ಬಿತ್ತು. ಅತ್ತೆ ನನ್ನನ್ನು ಕುರಿತು ಅಂದ ನಾಲ್ಕು ಮಾತು ರೆಕಾರ್ಡ್ ಆಗಿದೆ. ಕಿವಿಯನ್ನು ಯಾವಾಗ ಮತ್ತೆ ಆನ್ ಮಾಡಿದೆನೋ ನೆನಪಿಲ್ಲ.